ಮಾರುವ ಮನೆಗೆ ನಲವತ್ತು ಮನೆಗಳ ಸಾಕ್ಷಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಕಟ್ಟುವ ಕಷ್ಟವನ್ನು ಹೇಳಿದ ಹಿರಿಯರು ಮಾರುವ ಕಷ್ಟವನ್ನು ಯಾಕೆ ಹೇಳದೆ ಬಿಟ್ಟರು? ಮಾರುವುದು ಸುಲಭವಾಗಿತ್ತೆಂದು ತಿಳಿಯಬೇಕಾಗಿಲ್ಲ. ಮನೆ ಮಾರುವ ಮಾತನ್ನು ಯಾರೂ ಗಟ್ಟಿಯಾಗಿ ಆಡುತ್ತಿರಲಿಲ್ಲ ಎಂಬುದೇ ಹೆಚ್ಚು ಸರಿ. ‘ಮನೆ ಮಠ ಮಾರಿಕೊಂಡ’ ಎಂದರೆ ಇವತ್ತಿಗೂ ಸರ್ವನಾಶವಾದ ಎಂದೇ ಅರ್ಥ.

ಉಬ್ರಾಣಿಯಂಥ ಊರನ್ನೇ ತೆಗೆದುಕೊಳ್ಳಬಹುದು. ಇದು ಚನ್ನಗಿರಿ ತಾಲ್ಲೂಕಿನ ಒಂದು ಹೋಬಳಿ. ಮೊದಲು ಶಿವಮೊಗ್ಗ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಅತ್ತ ಸೇರಿತು. ಅಡಿಕೆ ಈ ಸೀಮೆಯ ಜೀವಾಳ. ಇಂಥ ಕಡೆ ಒಬ್ಬ ಗೃಹಸ್ಥ ತನ್ನ ಅಜ್ಜನ ಕಾಲದ ಹೆಂಚಿನ ಮನೆಯನ್ನು ಮಾರಲು ನಿಶ್ಚಯಿಸಿದನೆನ್ನೋಣ. ಮಕ್ಕಳು ಬೆಂಗಳೂರು ಸೇರಿದ್ದಾರೆ, ಅಥವಾ ಬ್ಯಾಂಕಿನ ಸಾಲ ಕುತ್ತಿಗೆಗೆ ಬಂದಿದೆ. ಮನೆಯನ್ನು ಮಾರಾಟಕ್ಕೆ ಸಿದ್ಧಗೊಳಿಸಲು ಆತ ಮಾಡಬೇಕಾದ ಮೊದಲ ಕೆಲಸ ಯಾವುದು?

ಅಮೆರಿಕದಲ್ಲಾದರೆ ಗೋಡೆಗೆ ಬಣ್ಣ ಹೊಡೆಸುವುದು. 1970ರ ದಶಕದಿಂದೀಚೆಗೆ ಅಲ್ಲಿ ಇದೇ ಒಂದು ವೃತ್ತಿಯಾಗಿ ಬೆಳೆದಿದೆ. ಮಾರುವ ಮನೆಯಿಂದ ಮನೆಯವರ ಫೋಟೋಗಳನ್ನೂ ಹಳೆಯ ಸಾಮಾನುಗಳನ್ನೂ ತೆಗೆಸಿ, ಬೇರೆ ಕುರ್ಚಿ ಮೇಜುಗಳನ್ನು ತಂದಿಟ್ಟು, ನೋಡಲು ಬಂದವರಿಗೆ ‘ಇದು ನಮ್ಮದೇ ಮನೆ’ ಎನ್ನಿಸುವಂತೆ ಮಾಡುವವರು ಅದಕ್ಕಾಗಿ ಶುಲ್ಕ ಪಡೆಯುತ್ತಾರೆ. ಉಬ್ರಾಣಿಯ ಗೃಹಸ್ಥ ಮೊದಲು ಹುಡುಕಬೇಕಾದದ್ದು ಸುಣ್ಣದ ಬುಟ್ಟಿಯನ್ನಲ್ಲ. ಅಣ್ಣತಮ್ಮಂದಿರನ್ನು, ಅಕ್ಕತಂಗಿಯರನ್ನು, ಪಕ್ಕದ ಮನೆಯವರನ್ನು, ಆಮೇಲೆ ಪಂಚಾಯಿತಿಯ ಕಾಗದವನ್ನು. ಈ ಹುಡುಕಾಟಕ್ಕೆ ಎರಡು ಸಾವಿರ ವರ್ಷದ ಇತಿಹಾಸವಿದೆ. ಅದರ ಎರಡು ಮುಖ್ಯ ಅಧ್ಯಾಯಗಳು ಕನ್ನಡ ನಾಡಿನಲ್ಲೇ ಸಿಗುತ್ತವೆ ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ.

ಮನೆ ಬಾಗಿಲಲ್ಲಿ ಮೂರು ಕೂಗು

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳ ಕೈಗೆ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಒಂದು ತಾಳೆಗರಿ ಕಟ್ಟು ಸಿಕ್ಕಿತು. ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ, ಗ್ರಂಥ ಲಿಪಿಯಲ್ಲಿದ್ದ ಆ ಕಟ್ಟು ಕೌಟಿಲ್ಯನ ಅರ್ಥಶಾಸ್ತ್ರವಾಗಿತ್ತು. ಶಾಸ್ತ್ರಿಗಳು ಅದನ್ನು 1909ರಲ್ಲಿ ಪ್ರಕಟಿಸಿದರು. ಹೆಸರು ಮಾತ್ರ ಉಳಿದು ಕಳೆದೇಹೋಗಿತ್ತೆಂದು ತಿಳಿದಿದ್ದ ಗ್ರಂಥ ಹೀಗೆ ಮೈಸೂರಿನಿಂದ ಲೋಕಕ್ಕೆ ಸಿಕ್ಕಿತು.

ರಾಜನೀತಿ, ಗೂಢಚಾರರು, ಕೋಟೆಗಳು ಎಂದು ಅರ್ಥಶಾಸ್ತ್ರದ ಬಗ್ಗೆ ಎಲ್ಲರೂ ಮಾತನಾಡುತ್ತಾರೆ. ಅದರ ಮೂರನೆಯ ಅಧಿಕರಣದಲ್ಲಿ ಮನೆ ಮಾರಾಟದ ವಿಧಾನವೂ ಇದೆ. ಮನೆ, ಹೊಲ, ತೋಟ, ಕೆರೆ ಕಟ್ಟೆಗಳಿಗೆಲ್ಲ ಕೌಟಿಲ್ಯ ಕೊಡುವ ಒಂದೇ ಹೆಸರು ವಾಸ್ತು. ಇಂದು ವಾಸ್ತು ಎಂದಾಕ್ಷಣ ಅಡಿಗೆಮನೆಯ ದಿಕ್ಕು ನೆನಪಾಗುವವರಿಗೆ ಇದು ಸ್ವಲ್ಪ ಆಶ್ಚರ್ಯ ತರಬಹುದು. ಕೌಟಿಲ್ಯನಿಗೆ ವಾಸ್ತುವೆಂದರೆ ಸ್ಥಿರಾಸ್ತಿ, ಅದರ ವ್ಯಾಜ್ಯ, ಅದರ ವ್ಯಾಪಾರ.

ಆತನ ಪ್ರಕಾರ ಮಾರಾಟಕ್ಕಿರುವ ಆಸ್ತಿಯನ್ನು ಕೊಳ್ಳುವ ಮೊದಲ ಹಕ್ಕು ಜ್ಞಾತಿಗಳದು, ಅಂದರೆ ರಕ್ತಸಂಬಂಧಿಗಳದು. ಅವರ ನಂತರ ನೆರೆಯವರು. ಆಮೇಲೆ ಸಾಲ ಕೊಟ್ಟವರು. ಈ ಮೂವರೂ ಬೇಡವೆಂದ ಮೇಲೆ ಹೊರಗಿನವರು. ಮನೆಯಾದರೆ ಅದರ ಮುಂದೆಯೇ, ಸುತ್ತಲಿನ ನಲವತ್ತು ಕುಟುಂಬದವರ ಸಮಕ್ಷಮದಲ್ಲಿ ಮಾರಾಟವನ್ನು ಸಾರಬೇಕು. ಎಲ್ಲೆಗಳನ್ನು ಸರಿಯಾಗಿ ಹೇಳಿ, ಇಷ್ಟು ಬೆಲೆಗೆ ಕೊಳ್ಳುವವರು ಯಾರಿದ್ದೀರಿ ಎಂದು ಮೂರು ಸಲ ಕೂಗಬೇಕು. ಮೂರು ಕೂಗಿಗೂ ಯಾರೂ ತಕರಾರು ಎತ್ತದಿದ್ದರೆ ಕೊಳ್ಳುವವನು ಕೊಳ್ಳಬಹುದು. ಪೈಪೋಟಿಯಿಂದ ಬೆಲೆ ಏರಿದರೆ ಏರಿದಷ್ಟು ಹಣ ಸುಂಕದ ಜೊತೆ ಬೊಕ್ಕಸಕ್ಕೆ ಹೋಗುತ್ತಿತ್ತು, ಮಾರುವವನಿಗಲ್ಲ! ಇಂದಿನ ನಿವೇಶನದ ವ್ಯಾಪಾರಿಗಳು ಈ ಒಂದು ಸಾಲನ್ನು ಓದಿದರೆ ಕೌಟಿಲ್ಯನ ಹೆಸರೆತ್ತುವುದನ್ನೇ ಬಿಟ್ಟಾರು.

ಇಲ್ಲಿ ಗಮನಿಸಬೇಕಾದದ್ದು ಆ ನಲವತ್ತು ಕುಟುಂಬಗಳನ್ನು. ಅವರು ಮನೆಯ ಅಂದ ನೋಡಲು ಬಂದವರಲ್ಲ. ಎಲ್ಲೆ ಸರಿಯಿದೆಯೇ, ಮಾರುವವನು ನಿಜವಾದ ಒಡೆಯನೇ, ಮನೆಯ ಮೇಲೆ ಬೇರೆಯವರ ಹಕ್ಕಿದೆಯೇ ಎಂಬುದು ಅವರಿಗೆ ಗೊತ್ತು. ನೋಂದಣಿ ಕಚೇರಿ ಇಲ್ಲದ ಕಾಲದಲ್ಲಿ ಅವರ ನೆನಪೇ ದಾಖಲೆ. ಮಾರುವವನು ಮನೆಯ ಜೊತೆಗೆ ತನ್ನನ್ನೂ ಅವರ ಮುಂದೆ ನಿಲ್ಲಿಸಿಕೊಳ್ಳಬೇಕಾಗಿತ್ತು.

ಕಲ್ಯಾಣದ ಪಂಡಿತನ ಉಪಾಯ

ಎರಡನೆಯ ಅಧ್ಯಾಯ ಬೀದರ್ ಜಿಲ್ಲೆಯ ಬಸವಕಲ್ಯಾಣದ್ದು. ಅಲ್ಲಿ ಚಾಲುಕ್ಯ ಆರನೆಯ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ಮಿತಾಕ್ಷರ. ಬಂಗಾಳ, ಅಸ್ಸಾಂಗಳನ್ನು ಬಿಟ್ಟರೆ ಭಾರತದ ಬಹುಪಾಲು ಹಿಂದೂ ಕುಟುಂಬಗಳ ಆಸ್ತಿ ವ್ಯವಹಾರಕ್ಕೆ ಈ ಗ್ರಂಥವೇ ತಳಹದಿಯಾಯಿತು. ಎಚ್.ಟಿ. ಕೋಲ್‌ಬ್ರೂಕ್ 1810ರಲ್ಲಿ ಇದರ ದಾಯಭಾಗದ ಅಧ್ಯಾಯವನ್ನು ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಬ್ರಿಟಿಷ್ ನ್ಯಾಯಾಲಯಗಳೂ ಅದನ್ನೇ ಹಿಡಿದು ತೀರ್ಪು ಕೊಡತೊಡಗಿದವು.

ವಿಜ್ಞಾನೇಶ್ವರನ ಮುಂದೆ ಒಂದು ಪೇಚು ಇತ್ತು. ಸ್ಥಿರಾಸ್ತಿಗೆ ಮಾರಾಟವೇ ಇಲ್ಲ, ಒಪ್ಪಿಗೆ ಪಡೆದು ಅಡವಿಡಬಹುದು ಅಷ್ಟೆ ಎನ್ನುವ ಸ್ಮೃತಿವಚನ ಒಂದು ಕಡೆ. ಜನ ಹೊಲ ಮನೆಗಳನ್ನು ಮಾರುತ್ತಲೇ ಇದ್ದರು ಎಂಬ ನಿಜ ಇನ್ನೊಂದು ಕಡೆ. ಶಾಸ್ತ್ರ ಭೂಮಿಯ ದಾನವನ್ನು ಹೊಗಳುತ್ತದೆ, ಮಾರಾಟವನ್ನು ಒಪ್ಪುವುದಿಲ್ಲ. ಹಾಗಾದರೆ ಕಷ್ಟದಲ್ಲಿರುವವನು ಏನು ಮಾಡಬೇಕು? ಪಂಡಿತ ಕಂಡುಕೊಂಡ ದಾರಿ ಸರಳವಾಗಿತ್ತು. ಮಾರಲೇಬೇಕಾಗಿ ಬಂದರೆ ದಾನದ ರೂಪದಲ್ಲಿ ಮಾರಿ ಎಂದ. ಬೆಲೆ ತೆಗೆದುಕೊಳ್ಳಿ, ಆದರೆ ಚೂರು ಚಿನ್ನವನ್ನೂ ನೀರನ್ನೂ ಕೊಳ್ಳುವವನ ಕೈಗೆ ಬಿಟ್ಟು ದಾನ ಕೊಟ್ಟಂತೆ ಕೊಡಿ.

ಭೂಮಿ ಕೈ ಬದಲಾಯಿಸಲು ಆರು ಸಂಗತಿಗಳು ಕೂಡಬೇಕೆಂಬ ಸ್ಮೃತಿವಚನವನ್ನೂ ಆತ ವಿವರಿಸುತ್ತಾನೆ. ಊರಿನವರು, ಜ್ಞಾತಿಗಳು, ಸಾಮಂತರು, ದಾಯಾದಿಗಳು, ಇವರ ನಾಲ್ಕು ಒಪ್ಪಿಗೆಗಳು, ಅವುಗಳ ಜೊತೆಗೆ ಚಿನ್ನ ಮತ್ತು ನೀರು. ಸಾಮಂತರೆಂದರೆ ಇಲ್ಲಿ ಕಪ್ಪ ಕೊಡುವ ಅರಸರಲ್ಲ. ಎಲ್ಲೆಗೆ ಎಲ್ಲೆ ಹೊಂದಿಕೊಂಡಿರುವ ನೆರೆಯವರು. ಇತಿಹಾಸದ ಪುಸ್ತಕ ಓದಿ ಬೆಳೆದ ನಮಗೆ ಪಕ್ಕದ ಮನೆಯಾತನನ್ನು ಸಾಮಂತನೆನ್ನಲು ನಗು ಬರುತ್ತದೆ.

ಪ್ರತಿ ಒಪ್ಪಿಗೆಗೂ ವಿಜ್ಞಾನೇಶ್ವರ ಕೊಡುವ ಕಾರಣಗಳನ್ನು ನೋಡಿದರೆ ಆತ ಗ್ರಂಥದಲ್ಲೇ ಮುಳುಗಿದ್ದ ಪಂಡಿತನಲ್ಲ, ಊರ ವ್ಯವಹಾರ ಕಂಡವನು ಎಂಬುದು ತಿಳಿಯುತ್ತದೆ. ಊರಿನವರ ಒಪ್ಪಿಗೆ ಯಾಕೆ? ವ್ಯವಹಾರ ಬಹಿರಂಗವಾಗಲಿ ಎಂದು. ಅವರು ಒಪ್ಪದಿದ್ದರೆ ಮಾರಾಟ ಬಿದ್ದುಹೋಗುತ್ತದೆ ಎಂದಲ್ಲ. ನೆರೆಯವರದು ಯಾಕೆ? ಮುಂದೆ ಎಲ್ಲೆಯ ಜಗಳ ಬಾರದಿರಲಿ ಎಂದು. ಪಾಲಾಗಿ ಬೇರೆ ಹೋದ ದಾಯಾದಿಗಳನ್ನೂ ಯಾಕೆ ಕೇಳಬೇಕು? ಪಾಲಾಗಿದೆಯೋ ಇಲ್ಲವೋ ಎಂಬ ಸಂದೇಹ ಹುಟ್ಟದಿರಲಿ ಎಂದು. ಚನ್ನಗಿರಿಯಲ್ಲೋ ಹೊನ್ನಾಳಿಯಲ್ಲೋ ವಕೀಲರ ಮುಂದೆ ಕುಳಿತು ಮನೆ ಕೊಳ್ಳುವ ವಿಚಾರ ಎತ್ತಿದರೆ ಅವರು ಕೇಳುವ ಪ್ರಶ್ನೆಗಳೂ ಇವೇ. ಒಂಬತ್ತು ನೂರು ವರ್ಷಗಳಲ್ಲಿ ಭಾಷೆ ಬದಲಾಗಿದೆ, ಸಂದೇಹ ಬದಲಾಗಿಲ್ಲ.

ಕುಟುಂಬದ ಯಜಮಾನ ಒಬ್ಬನೇ ಆಸ್ತಿಯನ್ನು ಮಾರಬಹುದಾದ ಸಂದರ್ಭಗಳನ್ನೂ ಮಿತಾಕ್ಷರ ಹೇಳುತ್ತದೆ. ಆಪತ್ತು ಬಂದಾಗ, ಕುಟುಂಬದ ಹಿತಕ್ಕಾಗಿ, ಧರ್ಮಕಾರ್ಯಕ್ಕಾಗಿ. ಇದೇ ಮುಂದೆ ನ್ಯಾಯಾಲಯಗಳಲ್ಲಿ ‘ಕಾನೂನುಬದ್ಧ ಅಗತ್ಯ’ ಎಂಬ ತತ್ವವಾಯಿತು. ಕನ್ನಡದ ಕ್ರಯಪತ್ರಗಳಲ್ಲಿ ಸಂಸಾರದ ಅಡಚಣೆಗಾಗಿ, ಸಾಲ ತೀರಿಸುವ ಬಾಬ್ತು, ಮಕ್ಕಳ ಮದುವೆಯ ಖರ್ಚಿಗಾಗಿ ಎಂದು ಕಾರಣ ಬರೆಯುವ ವಾಡಿಕೆ ಇದೆಯಲ್ಲ, ಅದು ಬರೀ ಬರಹಗಾರನ ಅಲಂಕಾರವಲ್ಲ. ಕಾರಣವಿಲ್ಲದೆ ಮಾರಿದರೆ ನಾಳೆ ಮಗ ಕೋರ್ಟಿಗೆ ಹೋಗಬಹುದು. ಮಾರುವವನ ಕಷ್ಟವೂ ಹೀಗೆ ಕಾಗದದ ಒಂದು ಅಂಗವಾಯಿತು.

ಧಾರೆಯ ನೀರು

ನೀರು ಬಿಟ್ಟು ಕೊಡುವ ಪದ್ಧತಿಯನ್ನು ಶಾಸನ ಓದಿದವರು ಬಲ್ಲರು. ಕಾಲು ತೊಳೆದು ಧಾರಾಪೂರ್ವಕವಾಗಿ ಕೊಟ್ಟ ಎಂಬ ಮಾತು ಕನ್ನಡ ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಹೊನ್ನಾಳಿ, ಚನ್ನಗಿರಿ, ಶಿಕಾರಿಪುರ, ಶಿವಮೊಗ್ಗ ತಾಲ್ಲೂಕುಗಳ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟವಾಗಿ ಹೊರತಂದರು. ಈ ಸೀಮೆಯ ಕಲ್ಲುಗಳ ಮೇಲೆ ಏನೇನಿದೆ ಎಂದು ತಿಳಿಯಲು ಇಂದಿಗೂ ಮೊದಲು ತೆರೆಯುವ ಪುಸ್ತಕ ಅದೇ. ದೇವಸ್ಥಾನಕ್ಕೆ ಭೂಮಿ ಬಿಡಲು ಬಯಸಿದವರು ಮೊದಲು ಅದನ್ನು ‘ಮಾರುಗೊಂಡು’ ಆಮೇಲೆ ಧಾರೆಯೆರೆದು ಬಿಟ್ಟದ್ದುಂಟು. ವಿಜಯನಗರ ಕಾಲದ ತಾಮ್ರಪಟಗಳಲ್ಲಿ ಪಡೆದವನು ಆಸ್ತಿಯನ್ನು ದಾನ ಮಾಡಬಹುದು, ಅಡವಿಡಬಹುದು, ಮಾರಬಹುದು ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕನ್ಯಾದಾನಕ್ಕೂ ಧಾರೆ, ಭೂಮಿಗೂ ಧಾರೆ. ಮನೆಯನ್ನೂ ಮಗಳನ್ನೂ ಕಳಿಸಿಕೊಡುವ ಕ್ರಿಯೆಗೆ ನಮ್ಮವರು ಒಂದೇ ನೀರನ್ನು ಬಳಸಿದರು. ಗಾದೆಯಲ್ಲಿ ಮನೆಯ ಜೊತೆಗೆ ಮದುವೆ ಬಂದು ಕುಳಿತದ್ದು ಸುಮ್ಮನೆ ಇರಲಾರದು.

ಮಾರಾಟವನ್ನು ದಾನದ ಹಾಗೆ ತೋರಿಸುವ ಸಂಕೋಚ ನಮ್ಮದೊಂದೇ ಅಲ್ಲ. ಬೈಬಲ್ಲಿನ ಆದಿಕಾಂಡದಲ್ಲಿ ಅಬ್ರಹಾಮ ತನ್ನ ಹೆಂಡತಿಯ ಸಮಾಧಿಗಾಗಿ ಜಾಗ ಕೊಳ್ಳುವ ಪ್ರಸಂಗ ಬರುತ್ತದೆ. ಊರ ಬಾಗಿಲಲ್ಲಿ ಎಲ್ಲರೆದುರು ಜಾಗದ ಒಡೆಯ ‘ನಿನಗೆ ಸುಮ್ಮನೆ ಕೊಟ್ಟೆ’ ಎಂಬ ಧಾಟಿಯಲ್ಲೇ ಮಾತು ತೆಗೆಯುತ್ತಾನೆ. ಕೊನೆಗೆ ನಾನೂರು ಶೆಕೆಲ್ ಬೆಳ್ಳಿ ತೂಗಿದ ಮೇಲೆಯೇ ವ್ಯವಹಾರ ಮುಗಿಯುವುದು. ಪುರಾತನ ರೋಮಿನಲ್ಲಿ ಇಟಲಿಯ ಭೂಮಿಯನ್ನೂ ಮನೆಯನ್ನೂ ಮಾರಲು ಐವರು ಸಾಕ್ಷಿಗಳು, ತಕ್ಕಡಿ ಹಿಡಿಯುವವನೊಬ್ಬ ಇರಬೇಕಿತ್ತು. ಕೊಳ್ಳುವವನು ತಕ್ಕಡಿಗೆ ಕಂಚಿನ ತುಂಡು ತಾಗಿಸಿ ಇದು ನನ್ನದು ಎನ್ನುತ್ತಿದ್ದ.

ನಮ್ಮ ಕಡೆ ಮಾತು ಕುದುರಿದ ಗುರುತಿಗೆ ಕೊಡುತ್ತಿದ್ದ ಮುಂಗಡ ಹಣದ ಹೆಸರು ಸಂಚಕಾರ. ಹೀಗೆ ಹಣ ಹಿಡಿದು ಆಮೇಲೆ ಮಾತು ತಪ್ಪಿದವನು ಎರಡರಷ್ಟು ಹಿಂತಿರುಗಿಸಬೇಕೆಂದು ಯಾಜ್ಞವಲ್ಕ್ಯ ಸ್ಮೃತಿ ವಿಧಿಸಿದೆ. ಈಗ ಪತ್ರಿಕೆಗಳಲ್ಲಿ ‘ಜೀವಕ್ಕೆ ಸಂಚಕಾರ’, ‘ಪೀಠಕ್ಕೆ ಸಂಚಕಾರ’ ಎಂದು ಓದುವಾಗ ಅದೊಂದು ವ್ಯಾಪಾರದ ಮಾತಾಗಿತ್ತೆಂದು ಯಾರಿಗೂ ಹೊಳೆಯುವುದಿಲ್ಲ. ಮುಂಗಡ ಬಿದ್ದ ವಸ್ತು ಕೈಬಿಟ್ಟಂತೆಯೇ ಎಂಬ ಭಾವನೆಯಿಂದ ಅರ್ಥ ಹೀಗೆ ಹೊರಳಿರಬಹುದು.

ನೆರೆಯವರಿಂದ ಕಾಗದಕ್ಕೆ

ಸಾಕ್ಷಿಗಳ ನೆನಪಿನ ಜಾಗಕ್ಕೆ ನಿಧಾನವಾಗಿ ಬರಹ ಬಂತು. ಇದ್ದಿಲು, ಹುಣಸೆಬೀಜದ ಸರಿ ಬಳಿದು ಕಪ್ಪಾಗಿಸಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದ ಶಾನುಭೋಗ ಊರಿನ ನೆನಪಾದ. ಯಾವ ಹೊಲ ಯಾರದು, ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದು ಅವನ ಕಂಕುಳಲ್ಲಿತ್ತು. ಅವನನ್ನು ಎದುರು ಹಾಕಿಕೊಂಡು ಆಸ್ತಿ ಮಾರಲು ಹೊರಟವನ ಪಾಡು ಏನಾಗುತ್ತಿತ್ತೆಂದು ಬೇರೆ ಹೇಳಬೇಕಾಗಿಲ್ಲ. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು ರದ್ದುಗೊಳಿಸುವ 1961ರ ಕಾಯ್ದೆ 1963ರ ಫೆಬ್ರುವರಿ 1ರಿಂದ ಜಾರಿಗೆ ಬಂದು ಆ ಯುಗ ಮುಗಿಯಿತು.

ಇಂದು ಮನೆ ಮಾರಾಟವನ್ನು ಆಳುವ ಕಾನೂನುಗಳಲ್ಲಿ ಮುಖ್ಯವಾದವು 1882ರ ಸ್ವತ್ತು ವರ್ಗಾವಣೆ ಕಾಯ್ದೆ, 1908ರ ನೋಂದಣಿ ಕಾಯ್ದೆ. ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯನ್ನು ನೋಂದಾಯಿತ ಪತ್ರದಿಂದಲೇ ಮಾರಬೇಕು. ಪತ್ರ ಒಮ್ಮೆ ಉಪನೋಂದಣಾಧಿಕಾರಿಯ ಪುಸ್ತಕ ಸೇರಿದರೆ ಆ ಸಂಗತಿ ಮುಂದೆ ಅದೇ ಆಸ್ತಿಯನ್ನು ಕೊಳ್ಳುವವರಿಗೆಲ್ಲ ತಿಳಿದಿದೆಯೆಂದೇ ಕಾನೂನು ಭಾವಿಸುತ್ತದೆ. ನಲವತ್ತು ಕುಟುಂಬಗಳು ಮಾಡುತ್ತಿದ್ದ ಕೆಲಸವನ್ನು ಈಗ ಆ ಪುಸ್ತಕ ಮಾಡುತ್ತದೆ. ಅದರಿಂದ ತೆಗೆಸುವ ಋಣಭಾರ ಪ್ರಮಾಣಪತ್ರ ಮಾರುವವನ ನಡತೆಯ ಸರ್ಟಿಫಿಕೇಟಿದ್ದಂತೆ. ಕರ್ನಾಟಕದಲ್ಲಿ 2003ರಿಂದ ನೋಂದಣಿ ಕಚೇರಿಗಳಿಗೆ ‘ಕಾವೇರಿ’ ತಂತ್ರಾಂಶ ಬಂತು. 2023ರಲ್ಲಿ ಅದರ ಹೊಸ ಆವೃತ್ತಿ ಬಂದ ಮೇಲೆ ಪತ್ರವನ್ನು ಮೊದಲೇ ಕಂಪ್ಯೂಟರಿನಲ್ಲಿ ಸಲ್ಲಿಸಿ, ಗೊತ್ತಾದ ವೇಳೆಗೆ ಹೋಗಿ ಬೆರಳಚ್ಚು, ಭಾವಚಿತ್ರ ಕೊಟ್ಟು ಬರುವುದು ವಾಡಿಕೆಯಾಯಿತು.

ಆದರೂ ಕೌಟಿಲ್ಯನ ಕೂಗು ನಿಂತಿಲ್ಲ. ಈ ಪತ್ರಿಕೆಯನ್ನೇ ಮಗುಚಿ ಒಳಪುಟ ನೋಡಬಹುದು. ‘ಸಾರ್ವಜನಿಕ ಪ್ರಕಟಣೆ’ ಎಂಬ ತಲೆಬರಹದಡಿ ಸಣ್ಣಕ್ಷರದಲ್ಲಿ ವಕೀಲರ ಜಾಹೀರಾತುಗಳಿರುತ್ತವೆ. ಕೆಳಕಂಡ ಸ್ವತ್ತನ್ನು ನಮ್ಮ ಕಕ್ಷಿದಾರರು ಕೊಳ್ಳಲಿದ್ದಾರೆ, ಯಾರದಾದರೂ ಹಕ್ಕು, ತಕರಾರು ಇದ್ದಲ್ಲಿ ಏಳು ದಿನದೊಳಗೆ ಅಥವಾ ಹದಿನೈದು ದಿನದೊಳಗೆ ತಿಳಿಸತಕ್ಕದ್ದು ಎಂಬ ಒಕ್ಕಣೆ. ಕೆಳಗೆ ಚೆಕ್ಕುಬಂದಿ. ಮನೆ ಬಾಗಿಲ ಮುಂದಿನ ಮೂರು ಕೂಗು ಹೀಗೆ ಮೂರಂಗುಲದ ಜಾಹೀರಾತಾಗಿದೆ. ಕೂಗಿದಾಗ ನೆರೆಯವರಿಗೆ ಕೇಳಿಸುತ್ತಿತ್ತು. ಜಾಹೀರಾತನ್ನು ಎಷ್ಟು ನೆರೆಯವರು ಓದುತ್ತಾರೆ ಎಂಬುದು ಬೇರೆ ಮಾತು.

ಮನೆಯ ವಿಷಯದಲ್ಲಿ ಕಾನೂನು ಇನ್ನೂ ಒಂದು ಹಳೆಯ ಅಂಜಿಕೆಯನ್ನು ಉಳಿಸಿಕೊಂಡಿದೆ. ಅವಿಭಕ್ತ ಕುಟುಂಬದ ವಾಸದ ಮನೆಯಲ್ಲಿ ಒಬ್ಬನ ಪಾಲನ್ನು ಹೊರಗಿನವನು ಕೊಂಡನೆನ್ನಿ. ಆತ ಆ ಕಾರಣಕ್ಕೆ ಒಳಗೆ ಬಂದು ನಡುಮನೆಯಲ್ಲಿ ಕೂರುವಂತಿಲ್ಲ, 1882ರ ಕಾಯ್ದೆ ಅವನಿಗೆ ಜಂಟಿ ಸ್ವಾಧೀನದ ಹಕ್ಕನ್ನು ಕೊಡುವುದಿಲ್ಲ. ಆತ ಪಾಲು ಕೇಳಿ ದಾವಾ ಹೂಡಿದರೆ ಮನೆಯವರು ಆ ಪಾಲನ್ನು ನ್ಯಾಯಾಲಯ ಕಟ್ಟಿದ ಬೆಲೆಗೆ ತಾವೇ ಕೊಳ್ಳಬಹುದೆಂದು 1893ರ ವಿಭಜನಾ ಕಾಯ್ದೆ ಹೇಳುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೂ ಒಬ್ಬ ವಾರಸುದಾರ ತನ್ನ ಪಾಲನ್ನು ಮಾರಲು ಹೊರಟರೆ ಉಳಿದ ವಾರಸುದಾರರಿಗೆ ಮೊದಲ ಅವಕಾಶವಿದೆ. ಜ್ಞಾತಿಗಳು ಮೊದಲು ಎಂದ ಕೌಟಿಲ್ಯ, ದಾಯಾದಿಗಳನ್ನು ಕೇಳಿ ಎಂದ ವಿಜ್ಞಾನೇಶ್ವರ ಇಬ್ಬರೂ ಈ ಕಲಮುಗಳನ್ನು ಓದಿ ತಲೆದೂಗುತ್ತಿದ್ದರು.

ಸಹಿ ಕೇಳದ ಕೈಗಳು

ಹಳೆಯ ಪದ್ಧತಿಯನ್ನು ಇಷ್ಟು ಹೊಗಳಿದ ಮೇಲೆ ಅದರ ದೊಡ್ಡ ಕೊರತೆಯನ್ನೂ ಹೇಳಬೇಕು. ನಲವತ್ತು ಮನೆಯವರು ಬಂದು ನಿಲ್ಲುತ್ತಿದ್ದ ಆ ಅಂಗಳದಲ್ಲಿ ಮಾರಾಟವಾಗುವ ಮನೆಯ ಹೆಂಗಸಿನ ಒಪ್ಪಿಗೆಗೆ ಏನು ಬೆಲೆಯಿತ್ತು? ಮನೆಯನ್ನು ದಿನಾ ಸಾರಿಸಿದವಳು, ಜಗಲಿಗೆ ಕೆಮ್ಮಣ್ಣು ಬಳಿದವಳು, ಹೊಸ್ತಿಲು ತೊಳೆದು ರಂಗೋಲಿ ಇಟ್ಟವಳು ಅವಳು. ಹುಟ್ಟಿನಿಂದ ಬರುವ ಹಕ್ಕು ಮಿತಾಕ್ಷರದ ರೀತಿಯಲ್ಲಿ ಗಂಡುಮಕ್ಕಳದಾಗಿತ್ತು.

ಇದನ್ನು ಸ್ವಲ್ಪವಾದರೂ ತಿದ್ದಲು ಮುಂದಾದದ್ದು ಮೈಸೂರು ಸಂಸ್ಥಾನ. 1933ರ ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯ್ದೆ ವಿಧವೆ, ತಾಯಿ, ಅವಿವಾಹಿತ ಹೆಣ್ಣುಮಕ್ಕಳಿಗೆ ಕುಟುಂಬದ ಪಾಲಿನಲ್ಲಿ ಭಾಗ ಕೊಟ್ಟಿತು. ಬ್ರಿಟಿಷ್ ಇಂಡಿಯಾದಲ್ಲಿ ವಿಧವೆಯರ ಪರವಾದ ಕಾಯ್ದೆ ಬಂದದ್ದು 1937ರಲ್ಲಿ. 1956ರ ಕಾಯ್ದೆ ಹೆಣ್ಣುಮಕ್ಕಳನ್ನು ವಾರಸುದಾರರೆಂದು ಒಪ್ಪಿದರೂ ವಾಸದ ಮನೆಯ ವಿಷಯದಲ್ಲಿ ಒಂದು ಅಡ್ಡಗೋಡೆ ಹಾಕಿತ್ತು. ಗಂಡು ವಾರಸುದಾರರು ತಾವಾಗಿ ಮನೆಯನ್ನು ಪಾಲು ಮಾಡಿಕೊಳ್ಳುವವರೆಗೆ ಹೆಣ್ಣು ವಾರಸುದಾರಳು ಪಾಲು ಕೇಳುವಂತಿರಲಿಲ್ಲ. ಮದುವೆಯಾಗದ, ವಿಧವೆಯಾದ, ಗಂಡ ಬಿಟ್ಟ ಮಗಳಿಗೆ ಅಲ್ಲಿ ವಾಸಿಸುವ ಹಕ್ಕು ಮಾತ್ರ ಇತ್ತು. ಈ ಕಲಮನ್ನು 2005ರಲ್ಲಿ ಕಿತ್ತುಹಾಕಲಾಯಿತು.

ಕರ್ನಾಟಕ ಇಲ್ಲಿಯೂ ಮೊದಲು ಹೆಜ್ಜೆ ಇಟ್ಟಿತ್ತು. 1994ರ ಜುಲೈ 30ರಿಂದ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಮಗಳನ್ನೂ ಮಗನಂತೆ ಹುಟ್ಟಿನಿಂದಲೇ ಸಹಭಾಗಿ ಎಂದಿತು. ಆದರೆ ಆ ದಿನಕ್ಕೆ ಮೊದಲು ಮದುವೆಯಾದವರಿಗೆ ಅದು ಅನ್ವಯಿಸುತ್ತಿರಲಿಲ್ಲ. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳಲ್ಲಿ 1993ರಲ್ಲಿ ಮದುವೆಯಾದ ಅಕ್ಕನಿಗೆ ಹಕ್ಕಿಲ್ಲ, 1995ರಲ್ಲಿ ಮದುವೆಯಾದ ತಂಗಿಗೆ ಇದೆ ಎಂಬ ವಿಚಿತ್ರ ಸ್ಥಿತಿ ಹನ್ನೊಂದು ವರ್ಷ ನಡೆಯಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಂದೆ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಆದ್ದರಿಂದ ಉಬ್ರಾಣಿಯ ನಮ್ಮ ಗೃಹಸ್ಥ ಅಜ್ಜನ ಮನೆಯನ್ನು ಮಾರಬೇಕಾದರೆ ಮದುವೆಯಾಗಿ ನ್ಯಾಮತಿಗೋ ಜಗಳೂರಿಗೋ ಹೋದ ತಂಗಿಯ ಮನೆಗೆ ಹೋಗಬೇಕು. ಅರಿಸಿನ ಕುಂಕುಮಕ್ಕೆ ಇಷ್ಟು ಕೊಟ್ಟು ಸಹಿ ಹಾಕಿಸಿಕೊಂಡು ಬಂದರಾಯಿತು ಎಂದುಕೊಳ್ಳುವ ಅಣ್ಣಂದಿರು ಈಗಲೂ ಉಂಟು. ಹಕ್ಕು ಬಿಡುಗಡೆ ಪತ್ರಕ್ಕೆ ತಂಗಿ ಸಹಿ ಹಾಕುವುದು ಪ್ರೀತಿಯಿಂದಲೋ ತವರು ಮುಚ್ಚಿಹೋದೀತೆಂಬ ಹೆದರಿಕೆಯಿಂದಲೋ ಎಂದು ಉಪನೋಂದಣಾಧಿಕಾರಿ ಕೇಳುವುದಿಲ್ಲ. ಮಾರಾಟಕ್ಕೆ ಮನೆ ಸಿದ್ಧವಾಗುವ ಕೆಲಸದಲ್ಲಿ ಬಹಳ ಕಠಿಣವಾದ ಭಾಗ ಇದೇ ಎಂದರೆ ತಪ್ಪಾಗದು.

ಗೋಡೆಯ ಬಿರುಕು

ಇನ್ನು ಗೋಡೆಯ ಮಾತು. ನಮ್ಮಲ್ಲಿ ಸುಣ್ಣ ಬಳಿಯುವುದು ಹಬ್ಬಕ್ಕೆ, ಮದುವೆಗೆ. ಮಾರಾಟಕ್ಕೆ ಬಳಿದ ಸುಣ್ಣವನ್ನು ಕೊಳ್ಳುವವರು ಅನುಮಾನದಿಂದಲೇ ನೋಡುತ್ತಾರೆ, ಬಿರುಕು ಮುಚ್ಚಿರಬಹುದೇ ಎಂದು ಬೆರಳಿನಿಂದ ಕುಟ್ಟುತ್ತಾರೆ. ಕಾನೂನು ಇಲ್ಲಿ ಒಂದು ಗೆರೆ ಎಳೆದಿದೆ. ಸಾಧಾರಣ ಎಚ್ಚರದಿಂದ ನೋಡಿದರೆ ಕಾಣುವ ದೋಷವನ್ನು ಮಾರುವವನು ಹೇಳಬೇಕಾಗಿಲ್ಲ. ತನಗೆ ಗೊತ್ತಿದ್ದು ಕೊಳ್ಳುವವನಿಗೆ ಕಾಣದಂಥ ಮುಖ್ಯ ದೋಷ, ಅದು ಕಟ್ಟಡದ್ದಿರಲಿ ಹಕ್ಕಿನದಿರಲಿ, ಹೇಳಲೇಬೇಕು ಎಂದು 1882ರ ಕಾಯ್ದೆಯ 55ನೆಯ ಕಲಮು ವಿಧಿಸುತ್ತದೆ. ಮುಚ್ಚಿಟ್ಟರೆ ವಂಚನೆ. ಗೋಡೆಯ ಬಿರುಕನ್ನೂ ದಾಯಾದಿಯ ತಕರಾರನ್ನೂ ಈ ಕಲಮು ಒಂದೇ ತಕ್ಕಡಿಯಲ್ಲಿ ಇಟ್ಟಿದೆ.

1990ರ ದಶಕದಿಂದ ಪಟ್ಟಣಗಳಲ್ಲಿ ಜೋರಾದ ವಾಸ್ತುವಿನ ಹುಚ್ಚು ಮಾರುವವರಿಗೆ ಇನ್ನೊಂ��ು ಖರ್ಚು ತಂದಿತು. ಬಾಗಿಲು ಕಿತ್ತು ಪೂರ್ವಕ್ಕೆ ಇಡುವುದು, ಮೆಟ್ಟಿಲು ತಿರುಗಿಸುವುದು ನಡೆದೇ ಇದೆ. ‘ಪೂರ್ವಾಭಿಮುಖ, ವಾಸ್ತು ಪ್ರಕಾರ’ ಎಂಬ ಎರಡು ಮಾತಿಲ್ಲದ ಮನೆ ಜಾಹೀರಾತು ಸಿಗುವುದು ಕಷ್ಟ. ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ.

ಮನೆಯನ್ನು ಮಾರುವ ಇನ್ನೊಂದು ರೀತಿಯೂ ಉಂಟು. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಹಳೆಯ ತೊಟ್ಟಿಮನೆಗಳನ್ನು ಬಿಚ್ಚಿ ಕಂಬ, ತೊಲೆ, ಕೆತ್ತನೆಯ ಬಾಗಿಲುಗಳನ್ನು ಮರದ ಬೆಲೆಗೆ ಮಾರುವುದು. ಹೀಗೆ ಚದುರಿಹೋಗುತ್ತಿದ್ದ ಮನೆಗಳನ್ನು ಕಂಡು ಮರುಗಿದವರು ಬ್ಯಾಂಕ್ ನೌಕರರಾಗಿದ್ದ ವಿಜಯನಾಥ ಶೆಣೈ (1934–2017). ಕುಕನೂರಿನ ಕಮಲ್ ಮಹಲ್, ಬೀದರಿನ ನವಾಬ್ ಮಹಲ್ ಮೊದಲಾದ ಕಟ್ಟಡಗಳ ಭಾಗಗಳನ್ನು ಬಿಚ್ಚಿ ತಂದು ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿನಲ್ಲಿ ಅವರು ಮತ್ತೆ ಜೋಡಿಸಿದರು. ಅಲ್ಲಿಗೆ ಹೋದವರು ಕಂಬಗಳನ್ನು ಮುಟ್ಟಿ ನೋಡಿ ಬರುತ್ತಾರೆ. ಆ ಮನೆಗಳ ನೆರೆಹೊರೆ ಮಾತ್ರ ಹಿಂದೆಯೇ ಉಳಿಯಿತು.

ಕಾಗದವಿಲ್ಲದ ಮನೆ

ಮತ್ತೆ ಉಬ್ರಾಣಿಗೆ ಬರೋಣ. ತಂಗಿ ಸಹಿ ಹಾಕಿದಳು, ದಾಯಾದಿ ಒಪ್ಪಿದ, ಕೊಳ್ಳುವವನೂ ಸಿಕ್ಕಿದ. ಆದರೂ ಮಾರಾಟ ನಿಲ್ಲಬಹುದು. ಹಳ್ಳಿಯ ಮನೆಗೆ ಹೊಲಕ್ಕಿರುವಂಥ ಪಹಣಿ ಇಲ್ಲ.

ಮೈಸೂರು ಸಂಸ್ಥಾನದಲ್ಲಿ ಭೂಮಾಪನ, ಕಂದಾಯ ನಿಗದಿ 1863ರಲ್ಲಿ ಶುರುವಾದಾಗ ಸರ್ಕಾರಕ್ಕೆ ಬೇಕಿದ್ದದ್ದು ಹೊಲಗದ್ದೆಗಳ ಲೆಕ್ಕ. ಪ್ರತಿ ಹೊಲಕ್ಕೂ ಸರ್ವೆ ನಂಬರು ಬಂತು, ಕಲ್ಲು ನೆಟ್ಟರು. ಜನ ವಾಸಿಸುವ ಊರ ಜಾಗವನ್ನು ಮಾತ್ರ ಗ್ರಾಮಠಾಣಾ ಎಂದು ನಕ್ಷೆಯಲ್ಲಿ ಒಂದೇ ತುಂಡಾಗಿ ಬಿಟ್ಟರು. ಒಳಗಿನ ಮನೆಗಳನ್ನು ಬಿಡಿಬಿಡಿಯಾಗಿ ಅಳೆಯಲಿಲ್ಲ, ಅದರಿಂದ ಕಂದಾಯ ಬರುವುದಿಲ್ಲವಲ್ಲ! ಹೀಗಾಗಿ ತಲೆಮಾರುಗಳಿಂದ ಬಾಳಿದ ಮನೆಯ ಒಡೆತನಕ್ಕೆ ಪಂಚಾಯಿತಿಯ ಕಂದಾಯ ರಸೀದಿ, ನೆರೆಯವರ ಬಾಯಿಮಾತು ಬಿಟ್ಟು ಬೇರೆ ಆಧಾರವಿಲ್ಲದೆ ಹೋಯಿತು. ಎರಡು ಎಕರೆ ಅಡಿಕೆ ತೋಟದ ಮೇಲೆ ಸಾಲ ಕೊಡುವ ಬ್ಯಾಂಕು ತೋಟದೊಡೆಯನ ಮನೆಯ ಮೇಲೆ ಕೊಡಲು ಹಿಂಜರಿಯುವುದು ಇದೇ ಕಾರಣಕ್ಕೆ. ಮಾರಲು ಹೋದರೂ ಬೆಲೆ ಬೀಳುತ್ತದೆ.

ಗ್ರಾಮೀಣಾಭಿವೃದ್ಧಿ ಇಲಾಖೆ 2013ರಲ್ಲಿ ಇ-ಸ್ವತ್ತು ತಂತ್ರಾಂಶ ತಂದು ಪಂಚಾಯಿತಿಗಳ ಕೈಬರಹದ ಪತ್ರಗಳ ಬದಲು ನಮೂನೆ 9, ನಮೂನೆ 11 ಎಂಬ ಮುದ್ರಿತ ಪತ್ರಗಳನ್ನು ಕಡ್ಡಾಯಗೊಳಿಸಿತು. ಕೈಬರಹದ ಪತ್ರಗಳಲ್ಲಿ ನಡೆಯುತ್ತಿದ್ದ ಅವ್ಯವಹಾರ ಇದರಿಂದ ಕಡಿಮೆಯಾಯಿತು. ಆದರೆ ದಾಖಲೆಯೇ ಇಲ್ಲದ ಹಳೆಯ ಮನೆಯವರು ಪಂಚಾಯಿತಿ ಕಚೇರಿಗೆ ಅಲೆಯುವುದು ಹೆಚ್ಚಾಯಿತು. ಅಳತೆಯಾಗದ ಜಾಗದ ನಕ್ಷೆ ಎಲ್ಲಿಂದ ಬರಬೇಕು?

ಅಳತೆಯ ಕೆಲಸಕ್ಕೆ ಕೊನೆಗೆ ಮುಂದಾದದ್ದು 2020ರ ಏಪ್ರಿಲ್ 24ರಂದು ಘೋಷಿಸಿದ ಕೇಂದ್ರದ ಸ್ವಾಮಿತ್ವ ಯೋಜನೆ. ಮೊದಲ ಹಂತದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಅದೇ ವರ್ಷ ಅಕ್ಟೋಬರ್ 11ರಂದು 763 ಹಳ್ಳಿಗಳಿಗೆ ಆಸ್ತಿ ಪತ್ರಗಳ ವಿತರಣೆ ಆರಂಭವಾಯಿತು. ಅವುಗಳಲ್ಲಿ ಕರ್ನಾಟಕದ ಹಳ್ಳಿಗಳು ಎರಡೇ. ಭಾರತೀಯ ಸರ್ವೇಕ್ಷಣಾ ಇಲಾಖೆಯ ಡ್ರೋನ್ ಊರಿನ ಮೇಲೆ ಹಾರಿ ಚಿತ್ರ ತೆಗೆಯುತ್ತದೆ. ಆ ಚಿತ್ರದಿಂದ ನಕ್ಷೆ ತಯಾರಾಗಿ, ಆಕ್ಷೇಪಣೆ ಆಹ್ವಾನಿಸಿ, ತಕರಾರು ತೀರಿದ ಮೇಲೆ ಮನೆ ಮನೆಗೂ ಪತ್ರ.

ಡ್ರೋನ್ ಹಾರುವ ಮುನ್ನ ಒಂದು ಸಿದ್ಧತೆ ಆಗಬೇಕು. ಆಕಾಶದಿಂದ ನೋಡಿದರೆ ಒಂದಕ್ಕೊಂದು ತಾಗಿದ ಹೆಂಚಿನ ಮಾಡುಗಳಲ್ಲಿ, ಹಿತ್ತಿಲು ಕೊಟ್ಟಿಗೆಗಳಲ್ಲಿ ಯಾರದು ಎಲ್ಲಿ ಮುಗಿಯುತ್ತದೆಂದು ತಿಳಿಯದು. ಅದಕ್ಕೆ ಪ್ರತಿ ಮನೆಯ ಎಲ್ಲೆಗೂ ನೆಲದ ಮೇಲೆ ಸುಣ್ಣದ ಗೆರೆ ಎಳೆಯಬೇಕು. ಪಂಚಾಯಿತಿಯವರೂ ಸರ್ವೆಯವರೂ ಸುಣ್ಣದ ಪುಡಿ ಹಿಡಿದು ಬಂದಾಗ ಮನೆಯವರು ಹೊರಗೆ ಬಂದು ಎಲ್ಲೆ ತೋರಿಸಬೇಕು. ಪಕ್ಕದ ಮನೆಯವರೂ ಬಂದು ನಿಲ್ಲುತ್ತಾರೆ. ಗೆರೆ ಒಂದು ಗೇಣು ಆಚೆಗೋ ಈಚೆಗೋ ಎಂಬ ಮಾತು ಅಲ್ಲೇ, ಇಬ್ಬರ ಎದುರೇ ತೀರ್ಮಾನವಾಗಬೇಕು.